ನಲವತ್ತು ಎಕರೆಯವರಿಗೂ ಒಂದೇ ಮತ

ಮೇರಿಲ್ಯಾಂಡ್‌ನ ನಮ್ಮ ಬಡಾವಣೆಯ ಊಟದ ಕೂಟದಲ್ಲಿ ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮಾತು ಬಂತು. ‘ದುಡ್ಡು ಹಾಕಿದವರು ಹೇಳುತ್ತಾರೆ, ಉಳಿದವರು ಕೇಳಬೇಕು. ಭಾರತ, ಬ್ರೆಜಿಲ್‌ಗಳದ್ದು ಹೆಚ್ಚು ಮತ ಬೇಕೆಂಬ ಇದೇನು ತಕರಾರು?’ ಎಂದರು ಹಿರಿಯರೊಬ್ಬರು.

ಗದಗಿನ ಕಡೆ ಬೆಳೆದವನಿಗೆ ಈ ಮಾತು ಚುಚ್ಚದೆ ಇದ್ದೀತೆ? 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ನಮ್ಮೂರ ಸೊಸೈಟಿಯ ವಾರ್ಷಿಕ ಸಭೆಗೆ ಅಪ್ಪನ ಬೆನ್ನು ಹತ್ತಿ ಹೋಗುತ್ತಿದ್ದೆ. ಮಿರ್ಚಿ-ಮಂಡಕ್ಕಿ ಮುಗಿದ ಮೇಲೆ ಠರಾವು ಮತಕ್ಕೆ ಬರುತ್ತಿತ್ತು. ನಲವತ್ತು ಎಕರೆಯ ಗೌಡರದೂ ಒಂದೇ ಕೈ, ಎರಡೆಕರೆಯ ಅಪ್ಪನದೂ ಒಂದೇ ಕೈ. ಷೇರು ಎಷ್ಟೇ ಇರಲಿ, ಲೆಕ್ಕಕ್ಕೆ ಬರುತ್ತಿದ್ದುದು ಅಷ್ಟೇ.

ವಾಷಿಂಗ್ಟನ್ನಿನ ನಿಧಿಯಲ್ಲಿ ಹಾಗಿಲ್ಲ. ಅಮೆರಿಕದ ಕೈಯಲ್ಲಿ ಸುಮಾರು ಶೇ 16.5ರಷ್ಟು ಮತ, ದೊಡ್ಡ ತೀರ್ಮಾನಗಳಿಗೆ ಶೇ 85 ಬೇಕು. ಅವರೊಬ್ಬರು ಒಲ್ಲೆ ಎಂದರೆ ಮುಗಿಯಿತು. ಭಾರತಕ್ಕಿರುವುದು ಶೇ 2.6ರ ಆಸುಪಾಸು. ಚೀನಾ, ಭಾರತಗಳ ಪಾಲನ್ನು ತುಸು ಹಿಗ್ಗಿಸುವ 2010ರ ಒಪ್ಪಂದ ಅಮೆರಿಕದ ಸಂಸತ್ತಿನಲ್ಲಿ ವರ್ಷಗಟ್ಟಲೆ ಕೊಳೆತು, ಜಾರಿಗೆ ಬಂದದ್ದು 2016ರಲ್ಲಿ. ಇಷ್ಟು ಕಾಯಿಸಿದರೆ ಯಾರು ಸುಮ್ಮನಿದ್ದಾರು? ಬ್ರಿಕ್ಸ್‌ನ ಆಗಿನ ಐದು ದೇಶಗಳು (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ) 2014ರಲ್ಲೇ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಸ್ವಂತ ಬ್ಯಾಂಕಿಗೆ ಸಹಿ ಹಾಕಿದ್ದವು. ಚೀನಾದ ಆರ್ಥಿಕತೆ ದಕ್ಷಿಣ ಆಫ್ರಿಕಾದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಆದರೂ ಐವರೂ ತಲಾ 1,000 ಕೋಟಿ ಡಾಲರ್ ಬಂಡವಾಳಕ್ಕೆ ಒಪ್ಪಿ ಸಮಾನ ಮತ ಪಡೆದರು. ಒಬ್ಬರೇ ತೀರ್ಮಾನ ತಡೆಯುವ ವೀಟೊ ಯಾರಿಗೂ ಇಲ್ಲ. ಶಾಂಘೈಯಲ್ಲಿರುವ ಆ ಬ್ಯಾಂಕಿನ ಮೊದಲ ಅಧ್ಯಕ್ಷರು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್. ದೂರದಲ್ಲಿರುವವನಿಗೆ ಇಂಥದ್ದು ಎಷ್ಟು ಹೆಮ್ಮೆಯೆಂದು ಊರಿನವರಿಗೆ ತಿಳಿಯುವುದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಒಂದೆರಡನ್ನು ಒಪ್ಪಿಕೊಳ್ಳಲೇಬೇಕು. ನಮ್ಮೂರ ಸಭೆಯಲ್ಲೂ ಗೌಡರು ಕೈ ಎತ್ತಿದರೆ ಅವರಲ್ಲಿ ಸಾಲ ಮಾಡಿದವರ ಕೈಗಳೂ ಏಳುತ್ತಿದ್ದವು. 2022ರಲ್ಲಿ ಶ್ರೀಲಂಕಾ ಸಾಲ ತೀರಿಸಲಾಗದೆ ಕುಸಿದಾಗ ಭಾರತ ತಕ್ಷಣ ನೆರವಾಯಿತು ನಿಜ, ಆದರೆ ಕೊನೆಗೆ ಶ್ರೀಲಂಕಾ ತಟ್ಟಿದ್ದು ವಾಷಿಂಗ್ಟನ್ನಿನ ನಿಧಿಯ ಬಾಗಿಲನ್ನೇ. ಹೊಸ ಬ್ಯಾಂಕಿನ ಸಮಾನತೆಯೂ ಸ್ಥಾಪಕರೊಳಗೇ ಉಳಿದಿದೆ: ಅವರ ಒಟ್ಟು ಪಾಲು ಶೇ 55ಕ್ಕಿಂತ ಇಳಿಯುವಂತಿಲ್ಲ, 2021ರಲ್ಲಿ ಸೇರಿದ ಬಾಂಗ್ಲಾದೇಶದಂಥ ಸದಸ್ಯರಿಗೆ ತಲಾ ಶೇ 7ಕ್ಕಿಂತ ಹೆಚ್ಚು ಮತ ಸಿಗುವಂತಿಲ್ಲ. ವಾಷಿಂಗ್ಟನ್ನಿನಲ್ಲಿ ಅನ್ಯಾಯವೆಂದು ದನಿ ಎತ್ತುವ ಭಾರತವೇ ಶಾಂಘೈಯಲ್ಲಿ ಈ ನಿಯಮ ತೆಗೆಯಿರಿ ಎಂದು ಮೊದಲು ಕೇಳಬೇಕು.