ಸ್ಪಷ್ಟನೆ: ಕಾಲೇಜು ಬದಲಿಸಿದ ಕ್ವಾರ್ಟರ್‌ಬ್ಯಾಕ್ ಒಂದು ವರ್ಷ ಕಾಯಬೇಕಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸಿ ಚೆಂಡು ಎಸೆಯುವ ಆಟಗಾರ) ಬೇರೆ ಕಾಲೇಜಿಗೆ ಹೋದರೆ ಒಂದು ಸೀಸನ್ ಆಡುವಂತಿಲ್ಲ, ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಕೂಡ ಹೊರಗೆ ಕೂತಿದ್ದರು ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಹರ್ಟ್ಸ್ 2018ರ ಡಿಸೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ್ದರು. ಪದವೀಧರರಿಗೆ ಆಗಲೇ ವಿನಾಯಿತಿ ಇತ್ತು. 2019ರಲ್ಲಿ ನೇರವಾಗಿ ಓಕ್ಲಹೋಮಾ ವಿಶ್ವವಿದ್ಯಾಲಯದ ಪರ ಆಡಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು. ಹೊರಗೆ ಕೂತವರು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್. ಪದವಿಗೆ ಮೊದಲೇ ಟೆಕ್ಸಸ್ ಟೆಕ್ ಬಿಟ್ಟು ಅದೇ ಓಕ್ಲಹೋಮಾಕ್ಕೆ ಬಂದದ್ದರಿಂದ ಅವರಿಗೆ 2014ರ ಸೀಸನ್ ತಪ್ಪಿತು. ಬಹುಶಃ ಇಬ್ಬರ ವಿಷಯ ಕಲಸಿಹೋಗಿದೆ.

ಮೊದಲ ವರ್ಗಾವಣೆಗಿದ್ದ ಆ ನಿರ್ಬಂಧವನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2021ರಲ್ಲಿ ತೆಗೆಯಿತು. 2024ರಿಂದ ಎಷ್ಟನೇ ಸಲವಾದರೂ ಅದು ಅನ್ವಯಿಸದು. ಆದರೆ ಓದಿನ ಅರ್ಹತೆ ಇರಲೇಬೇಕು. ಹಳೆಯ ಕಾಲೇಜಿನಲ್ಲಿ ಓದಿ ಗಳಿಸಿದ ಕ್ರೆಡಿಟ್‌ಗಳು ಹೊಸ ಕಾಲೇಜಿನ ಕೋರ್ಸಿಗೆ ಹೊಂದದೆ ತೊಡಕಾಗುವುದು ಇಲ್ಲಿಯೇ.

ಕಾಲೇಜು ಬದಲಿಸಲು ಬಯಸುವವರ ಆನ್‌ಲೈನ್ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರನ್ನು ಆಟಗಾರ ತಾನೇ ಹಾಕುವುದಿಲ್ಲ. ನಿಗದಿತ ಅವಧಿಯಲ್ಲಿ ಲಿಖಿತವಾಗಿ ಕೇಳಬೇಕು. ಕಾಲೇಜು ಎರಡು ಕೆಲಸದ ದಿನಗಳೊಳಗೆ ಸೇರಿಸಬೇಕು. ಆಮೇಲೆ ಹೆಸರು ಹಿಂಪಡೆಯಬಹುದು, ಆದರೆ ಹಳೆಯ ತಂಡ ಜಾಗ ಉಳಿಸಿಟ್ಟಿರಲೇಬೇಕೆಂದಿಲ್ಲ. ಎಷ್ಟೋ ಹುಡುಗರಿಗೆ ನಿಜವಾಗಿ ಪೆಟ್ಟು ಬೀಳುವುದು ಇದರಿಂದಲೇ.