ಕೆಡವುವ ಮುನ್ನ ಸ್ಕ್ಯಾನ್ ಮಾಡಿರಿ

ಹಳೆಯ ಪೇಟೆಯನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿಯುವವರ ಮೇಲೆ ನಗರಾಡಳಿತಗಳಿಗೆ ಮೊದಲಿದ್ದ ಸಿಟ್ಟು ಈಗ ಇಳಿದಿದೆ. ಗೋಡೆ ಬಿರುಕು ಬಿಟ್ಟಿದೆಯೆಂದು ಯಾರಾದರೂ ಅರ್ಜಿ ತಂದರೆ, ದುರಸ್ತಿಗೆ ಹಣವಿಲ್ಲವೆಂದು ಹೇಳಿ ಮುಖ ತಪ್ಪಿಸಿಕೊಳ್ಳುವ ಅಗತ್ಯವಿಲ್ಲ. ಲೇಸರ್ ಸ್ಕ್ಯಾನರ್ ಕಳುಹಿಸಿ, ಗೋಡೆಯನ್ನು ಬಿರುಕಿನ ಸಮೇತ ಕೋಟಿಗಟ್ಟಲೆ ಬಿಂದುಗಳಾಗಿ ದಾಖಲಿಸಿಕೊಂಡು, ಪರಂಪರೆ ಸುರಕ್ಷಿತವಾಗಿದೆಯೆಂದು ಪ್ರಕಟಣೆ ಹೊರಡಿಸಿದರೆ ಸಾಕು. ಆಮೇಲೆ ಗೋಡೆ ಬಿದ್ದರೂ ಸರಿ, ಬೀಳಿಸಿದರೂ ಸರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರನ್ನು ಗಾದೆ ಗೇಲಿ ಮಾಡುತ್ತದೆ. ಈಗ ಆ ಬಾಗಿಲನ್ನು ಮೂರು ಆಯಾಮಗಳಲ್ಲಿ ಹಾಕುವುದಕ್ಕೆ ಅನುದಾನವೇ ಇದೆ.

ಯುನೆಸ್ಕೊ ಮಾತ್ರ ಇನ್ನೂ ಹಿಂದುಳಿದಿದೆ. ಬಂದರಿನ ಅಂಚಿನ ಹೊಸ ನಿರ್ಮಾಣಗಳನ್ನು ಮುಂದಿಟ್ಟುಕೊಂಡು ಅದು 2021ರಲ್ಲಿ ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ಕೈಬಿಟ್ಟಿತು. ಅದರ ಸಮಿತಿಯ ಸದಸ್ಯರೆಲ್ಲ ವರ್ಚುವಲ್ ನಗರ ತೋರಿಸುವ ಹೆಡ್‌ಸೆಟ್ ಧರಿಸಿ ಕುಳಿತಿದ್ದರೆ ಆ ನಿರ್ಮಾಣಗಳನ್ನು ಒಂದೇ ಗುಂಡಿ ಒತ್ತಿ ಮರೆಮಾಡಬಹುದಿತ್ತು. ವರ್ಚುವಲ್ ನಗರದ ಸೊಗಸೇ ಅದು: ಅಲ್ಲಿ ಚರಂಡಿ ನಾರುವುದಿಲ್ಲ, ಬಾಡಿಗೆದಾರನು ಮನೆ ಬಿಡುವುದಿಲ್ಲವೆಂದು ನ್ಯಾಯಾಲಯಕ್ಕೆ ಹೋಗುವುದಿಲ್ಲ.

ವಿದ್ವಾಂಸರದೇ ಒಂದು ತೊಡಕು. ಕ್ರಿ.ಶ. 320ರ ರೋಮನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿದ ‘ರೋಮ್ ರಿಬಾರ್ನ್’ ಯೋಜನೆಯವರು, ತಾವು ತೋರಿಸಿದ ಸುಮಾರು 7,000 ಕಟ್ಟಡಗಳಲ್ಲಿ ವಿವರವಾಗಿ ತಿಳಿದಿರುವುದು ಕೆಲವು ನೂರು ಮಾತ್ರ, ಉಳಿದದ್ದು ಊಹೆಯೆಂದು ಬಾಯಿಬಿಟ್ಟು ಹೇಳಿಬಿಟ್ಟರು. ಇಂಥ ಕಂಪ್ಯೂಟರ್ ಮರುರೂಪಗಳಿಗೆ ನೀತಿಸೂತ್ರ ಹಾಕಿಕೊಟ್ಟ 2009ರ ಲಂಡನ್ ಚಾರ್ಟರ್ ಕೂಡ ಪುರಾವೆ ಯಾವುದು, ಊಹೆ ಯಾವುದು ಎಂಬುದನ್ನು ನೋಡುಗರಿಗೆ ತಿಳಿಸಬೇಕೆನ್ನುತ್ತದೆ. ಆದರೆ ‘ಈ ಮಹಡಿ ನಮ್ಮ ಅಂದಾಜು’ ಎಂಬ ಫಲಕದ ಎದುರು ರಿಬ್ಬನ್ ಕತ್ತರಿಸಲು ಯಾವ ಗಣ್ಯರು ಒಪ್ಪಿಯಾರು?

ಇನ್ನು ಬಾಳಿಕೆಯ ಮಾತು. ಇಂಗ್ಲೆಂಡಿನ ಭೂಮಿ-ಆಸ್ತಿಯ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯ ಚರ್ಮದ ಹಾಳೆಗಳನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಲೇಸರ್ ಡಿಸ್ಕಿನಲ್ಲಿ ಸಿದ್ಧಪಡಿಸಿದ ಹೊಸ ದಾಖಲೆಯನ್ನು ಓದಬಲ್ಲ ಯಂತ್ರಗಳು ಎರಡು ದಶಕ ತುಂಬುವುದರೊಳಗೆ ಅಪರೂಪವಾದವು. 2020ರ ಕೊನೆಗೆ, ಬ್ರೌಸರಿನಲ್ಲಿ ಚಲಿಸುವ ಚಿತ್ರಗಳನ್ನು ತೋರಿಸುತ್ತಿದ್ದ ತಂತ್ರಾಂಶವಾದ ಫ್ಲ್ಯಾಶ್‌ಗೆ ಬೆಂಬಲ ನಿಂತಾಗ, ಅದನ್ನೇ ನಂಬಿದ್ದ ಪ್ರದರ್ಶನಗಳು ಬ್ರೌಸರಿನಿಂದ ಮಾಯವಾದವು. ಆಡಳಿತಕ್ಕೆ ಇದು ಚಿಂತೆಯ ವಿಷಯವಲ್ಲ. ಐದಾರು ವರ್ಷಕ್ಕೊಮ್ಮೆ ಹೊಸ ಟೆಂಡರು ಕರೆದು ಅದೇ ಪರಂಪರೆಯನ್ನು ಮತ್ತೆ ಕಟ್ಟಿಸಬಹುದು. ಮೂಲ ಕಟ್ಟಡವೇ ಉಳಿದಿರುವುದಿಲ್ಲವಾದ್ದರಿಂದ, ಗುತ್ತಿಗೆದಾರನ ಕಂಬಗಳು ಲೆಕ್ಕಕ್ಕಿಂತ ನಾಲ್ಕು ಹೆಚ್ಚಿವೆಯೆಂದು ಆಕ್ಷೇಪಿಸಲು ಲೆಕ್ಕಪರಿಶೋಧಕರಿಗೂ ಆಧಾರ ಸಿಗುವುದಿಲ್ಲ.