ಮಾಡುವವರೇ ಇಲ್ಲದ ಕ್ರಿಯಾಪದ

ಬ್ರಿಟನ್ ಸರ್ಕಾರದ ಜಾಲತಾಣಕ್ಕೆ ಬರೆಯುವ ನೌಕರರಿಗೆಂದು ಒಂದು ಬರವಣಿಗೆ ಕೈಪಿಡಿ ಇದೆ. ಅದರಲ್ಲಿನ ‘ಬಳಸಬಾರದ ಪದಗಳು’ ಎಂಬ ಪಟ್ಟಿ ನೋಡಿ ಖುಷಿಯಾಯಿತು, ಹಿಂದೆಯೇ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು. ‘ಡೆಲಿವರ್’ ಮಾಡುವುದು ಪಿಜ್ಜಾ, ಅಂಚೆ, ಸೇವೆಗಳನ್ನು, ಸುಧಾರಣೆಯನ್ನಲ್ಲ. ‘ಡ್ರೈವ್’ ಮಾಡುವುದು ವಾಹನವನ್ನು. ಯೋಜನೆಯನ್ನಲ್ಲ, ಜನರನ್ನೂ ಅಲ್ಲ. ‘ಟ್ಯಾಕಲ್’ ಆಟದ ಮೈದಾನಕ್ಕೆ ಸರಿ. ವಾಕ್ಯ 25 ಪದ ದಾಟಿದರೆ ಒಡೆಯಿರಿ ಎಂಬ ಸಲಹೆಯೂ ಇದೆ.

ನಮ್ಮಲ್ಲಿ ಇಂಥ ಪಟ್ಟಿ ಮಾಡಿದರೆ ಮೊದಲು ಸೇರಬೇಕಾದದ್ದು ಯಾವ ಇಂಗ್ಲಿಷ್ ಪದವೂ ಅಲ್ಲ, ಅಚ್ಚುಕಟ್ಟಾಗಿ ಕನ್ನಡವೇ ಆಗಿರುವ ‘ಲಾಗುವುದು’. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಹಂತ ಹಂತವಾಗಿ ಅನುಷ್ಠಾನಗೊಳಿಸಲಾಗುವುದು. ಕೂಲಂಕಷವಾಗಿ ಪರಿಶೀಲಿಸಲಾಗುವುದು. ಕನ್ನಡದ ಕ್ರಿಯಾಪದ ಮಾಡುವವರನ್ನು ತನ್ನ ಬಾಲಕ್ಕೇ ಕಟ್ಟಿಕೊಂಡು ಬರುತ್ತದೆ. ‘ಕೆರೆ ತುಂಬಿಸುತ್ತೇನೆ’ ಅಂದರೆ ನಾನು, ‘ತುಂಬಿಸುತ್ತೇವೆ’ ಅಂದರೆ ನಾವು, ‘ತುಂಬಿಸುತ್ತಾರೆ’ ಅಂದರೆ ಅವರು. ಇಂಗ್ಲಿಷಿಗೆ ಇದಕ್ಕೆಲ್ಲ ಬೇರೆ ಪದ ಬೇಕು. ನಮಗೆ ಒಂದು ಪ್ರತ್ಯಯ ಸಾಕು. ‘ತುಂಬಿಸಲಾಗುವುದು’ ಅಂದಕೂಡಲೇ ಆ ಬಾಲ ತುಂಡಾಗುತ್ತದೆ. ಕೆರೆ ತುಂಬದಿದ್ದರೆ ಯಾರ ಬಾಗಿಲು ತಟ್ಟಬೇಕು? ವಾಕ್ಯದಲ್ಲಿ ಯಾರೂ ಇಲ್ಲ. ಮನೆಯಲ್ಲಿ ಯಾರಾದರೂ ‘ಊಟ ಬಡಿಸಲಾಗುವುದು’ ಅನ್ನುತ್ತಾರೆಯೇ? ಇಷ್ಟು ನೇರವಾದ ಭಾಷೆಯನ್ನು ವೇದಿಕೆ ಹತ್ತಿದೊಡನೆ ಹೀಗೆ ಮಬ್ಬು ಮಾಡುವುದು ದೂರದಲ್ಲಿ ಕೂತು ಕೇಳುವಾಗ ಹೆಚ್ಚೇ ನೋಯಿಸುತ್ತದೆ.

ಇನ್ನೊಂದು ಮಾತು ‘ಮಂಜೂರಾಗಿದೆ’. ಒಂದು ರಸ್ತೆಗೆ ಮೊದಲು ತಾತ್ವಿಕ ಒಪ್ಪಿಗೆ ಸಿಗುತ್ತದೆ. ಆಮೇಲೆ ಡಿಪಿಆರ್ (ವಿವರವಾದ ಯೋಜನಾ ವರದಿ), ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕೊನೆಗೆ ಕಾರ್ಯಾದೇಶ. ಗುತ್ತಿಗೆದಾರರು ಕೆಲಸ ಹಿಡಿಯುವುದು ಈ ಕಾರ್ಯಾದೇಶ ಕೈಗೆ ಬಂದ ಮೇಲೆ. ನಡುವೆ ಎಲ್ಲಿ ಬೇಕಾದರೂ ಕಡತ ನಿಲ್ಲಬಹುದು: ಜಮೀನು ಸಿಗಲಿಲ್ಲ, ಟೆಂಡರಿಗೆ ಯಾರೂ ಬರಲಿಲ್ಲ, ಬಂದವರು ಅಂದಾಜಿಗಿಂತ ಮೇಲೆ ಕೂಗಿದರು. ಭಾಷಣದಲ್ಲಿ ಮಾತ್ರ ಎಲ್ಲ ಹಂತಕ್ಕೂ ಒಂದೇ ಪದ. ಹಾಗಾಗಿ ಒಂದೇ ರಸ್ತೆ ಮೂರು ಸಲ ಮಂಜೂರಾಗಿ, ಮೂರು ಸಲ ಹಾರ ಹಾಕಿಸಿಕೊಳ್ಳುತ್ತದೆ. ಕೇಳಬೇಕಾದದ್ದು ಇಷ್ಟೇ: ಕಾರ್ಯಾದೇಶದ ಸಂಖ್ಯೆ ಎಷ್ಟು, ದಿನಾಂಕ ಯಾವುದು, ಕೆಲಸ ಮುಗಿಸುವ ಗಡುವು ಎಂದು? ಸಂಖ್ಯೆ ಹೇಳಲಾಗದಿದ್ದರೆ ರಸ್ತೆ ಇನ್ನೂ ಕಾಗದದ ಮೇಲಿದೆ.

ಇಲ್ಲಿ ಬ್ರಿಟನ್ನಿನಲ್ಲಿ ಆ ಕೈಪಿಡಿ ಮಂತ್ರಿಗಳ ಬಾಯಿಗೆ ಬೀಗ ಹಾಕಿಲ್ಲ ಎಂಬುದನ್ನು ಹೇಳಲೇಬೇಕು. 2019ರ ಚುನಾವಣೆಯಲ್ಲಿ ಮೆರೆದ ‘ಲೆವೆಲಿಂಗ್ ಅಪ್’ (ಹಿಂದುಳಿದ ಪ್ರದೇಶಗಳನ್ನು ಮೇಲೆತ್ತುವುದು) ಎಂಬ ಘೋಷಣೆ 2021ರಲ್ಲಿ ಒಂದು ಇಲಾಖೆಯ ಹೆಸರನ್ನೇ ಹಿಡಿಯಿತು. 12 ಗುರಿಗಳ ಶ್ವೇತಪತ್ರ ಬಂದದ್ದು 2022ರಲ್ಲಿ. ಅಂದರೆ ಬೋರ್ಡು ಮೊದಲು, ಅರ್ಥ ಆಮೇಲೆ. 2024ರಲ್ಲಿ ಸರ್ಕಾರ ಬದಲಾಯಿತು, ಆ ಬೋರ್ಡೂ ಇಳಿಯಿತು.

ಊರಿನ ಕಡೆಗೂ ಒಂದು ಒಳ್ಳೆಯ ಮಾತಿದೆ. 2023ರ ಗ್ಯಾರಂಟಿಗಳು ಬೇಕೋ ಬೇಡವೋ ಎಂಬ ಜಗಳ ಬೇರೆ, ಅವುಗಳ ಭಾಷೆ ಬಹುಮಟ್ಟಿಗೆ ಲೆಕ್ಕದ ಭಾಷೆ. ಗೃಹಜ್ಯೋತಿಯಲ್ಲಿ ತುಸು ಮರೆಮಾಚುವಿಕೆ ಇತ್ತು: ಕೂಗಿದ್ದು ‘200 ಯೂನಿಟ್ ಉಚಿತ’, ಆದೇಶದಲ್ಲಿ ಬಂದದ್ದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200ರ ಒಳಗೆ. ಆದರೆ ಗೃಹಲಕ್ಷ್ಮಿಯ ‘ತಿಂಗಳಿಗೆ 2,000 ರೂಪಾಯಿ’ಗೆ ಯಾವ ನಿಘಂಟೂ ಬೇಡ. ದುಡ್ಡು ಬಾರದಿದ್ದರೆ ಯಾವ ಯಾವ ತಿಂಗಳದ್ದು ಬಾಕಿ ಎಂದು ಹೆಂಗಸರು ಬೆರಳು ಮಡಚಿ ಹೇಳುತ್ತಾರೆ.